ಟೂರ್ನಿಗೊಂದು ಬಾಗಿಲು

ಐಪಿಎಲ್ ಯಾವ ಚಾನೆಲ್ಲಿನಲ್ಲಿ ಬರುತ್ತದೆ ಎಂದು ಹೊಳೆಹೊನ್ನೂರಿನ ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ಥಟ್ಟನೆ ಹೇಳಿಬಿಡುತ್ತಾರೆ. ಹೆಣ್ಣುಮಕ್ಕಳ ಫುಟ್‌ಬಾಲಿನ ಯೂರೋ ಕಪ್ ಎಲ್ಲಿ ಬರುತ್ತದೆ ಎಂದು ಕೇಳಿ ನೋಡಿ. ಅಂಥದ್ದೂ ಒಂದಿದೆಯಾ ಎಂಬ ಮರುಪ್ರಶ್ನೆ ಬರುತ್ತದೆ. ದೊಡ್ಡ ಪಂದ್ಯಗಳನ್ನು ಕಾನೂನುಬದ್ಧವಾಗಿ ತೋರಿಸುವವರು ಬಹುಪಾಲು ಇದ್ದೇ ಇರುತ್ತಾರೆ. ಆದರೆ ಟೂರ್ನಿಯಿಂದ ಟೂರ್ನಿಗೆ ಅವರ ವಿಳಾಸ ಬದಲಾಗುತ್ತದೆ, ಬದಲಾದದ್ದನ್ನು ಯಾರೂ ಡಂಗುರ ಸಾರುವುದಿಲ್ಲ. ಕದ್ದು ನೋಡುವವನಿಗೆ ಒಂದು ಟೆಲಿಗ್ರಾಂ ಲಿಂಕ್ ಸಾಕು. ಸಾಚಾ ಪ್ರೇಕ್ಷಕನೇ ಪತ್ತೇದಾರನಾಗಬೇಕು. ಈ ವ್ಯವಸ್ಥೆಯ ಮೇಲೆ ನನ್ನ ಮುಖ್ಯ ತಕರಾರು ಇದೇ.

2022ರ ಅಕ್ಟೋಬರಿನಲ್ಲಿ 17 ವರ್ಷದೊಳಗಿನ ಹುಡುಗಿಯರ ವಿಶ್ವಕಪ್ ಭಾರತದಲ್ಲೇ ನಡೆದಾಗ ಅದು ಸ್ಪೋರ್ಟ್ಸ್18 ಚಾನೆಲ್ಲಿನ ಪಾಲಾಗಿತ್ತು. ಮರುವರ್ಷ ಆಸ್ಟ್ರೇಲಿಯಾ–ನ್ಯೂಜಿಲೆಂಡ್ ವಿಶ್ವಕಪ್ ಡಿಡಿ ಸ್ಪೋರ್ಟ್ಸ್ ಮತ್ತು ಫ್ಯಾನ್‌ಕೋಡ್ ಆ್ಯಪ್‌ನಲ್ಲಿ ಬಂತು. 2025ರ ಯೂರೋ ಮತ್ತೆ ಫ್ಯಾನ್‌ಕೋಡ್‌ನಲ್ಲಿ. ಅದೇ ವರ್ಷದ ಜುಲೈ 5ರಂದು ನಮ್ಮ ಹುಡುಗಿಯರು ಚಿಯಾಂಗ್ ಮಾಯ್‌ನಲ್ಲಿ ಥಾಯ್ಲೆಂಡನ್ನು 2–1ರಿಂದ ಸೋಲಿಸಿದರು. ಎರಡೂ ಗೋಲು ಸಂಗೀತಾ ಬಾಸ್ಫೋರ್ ಅವರದು. ಅರ್ಹತಾ ಸುತ್ತು ಗೆದ್ದು ಭಾರತ ಏಷ್ಯನ್ ಕಪ್‌ಗೆ ಹೋದದ್ದು ಅದೇ ಮೊದಲು. ಆ ಪಂದ್ಯ ಸಿಕ್ಕಿದ್ದು ಥಾಯ್ ಫುಟ್‌ಬಾಲ್ ಸಂಸ್ಥೆಯ ಯೂಟ್ಯೂಬ್ ಚಾನೆಲ್ಲಿನಲ್ಲಿ! ನಮ್ಮ ಗೆಲುವನ್ನು ಎದುರಾಳಿಯ ಮನೆಯ ಕಿಟಕಿಯಿಂದ ನೋಡಿದಂತಾಯಿತು. ಆದರೂ ನೋಡುವವರಿಗೆ ಅದರಷ್ಟು ಸಲೀಸಾದ ದಾರಿ ಇನ್ನೊಂದಿರಲಿಲ್ಲ. ದುಡ್ಡಿಲ್ಲ, ಲಾಗಿನ್ ಇಲ್ಲ, ಒಟಿಪಿ ಇಲ್ಲ. ಸಂಸ್ಥೆಯ ಸ್ವಂತ ಚಾನೆಲ್ಲೋ, ‘ಲೈವ್’ ಎಂದು ಹಣೆಪಟ್ಟಿ ಹಚ್ಚಿಕೊಂಡ ನಕಲಿಯೋ ಎಂದು ನೋಡಿಕೊಂಡರಾಯಿತು.

ಇವುಗಳಲ್ಲಿ ಯಾವುದು ಉತ್ತಮ? ನನ್ನ ಮಟ್ಟಿಗೆ, ಅನುಮಾನವೇ ಇಲ್ಲದೆ, 2023ರ ಡಿಡಿ. ಅದು ಬರುವ ಫ್ರೀ ಡಿಶ್‌ಗೆ ತಿಂಗಳ ರೀಚಾರ್ಜ್ ಇಲ್ಲ. ಒಮ್ಮೆ ಛತ್ರಿ ಹಾಕಿಸಿದರೆ ಮುಗಿಯಿತು. ಸ್ಪೇನ್–ಇಂಗ್ಲೆಂಡ್ ಫೈನಲ್ ಆಗಸ್ಟ್ 20ರ ಭಾನುವಾರ ಮಧ್ಯಾಹ್ನ ಮೂರೂವರೆಗೆ ಶುರುವಾಯಿತು. ಊಟ ಮುಗಿದು ಮನೆಮಂದಿ ಕಾಲು ಚಾಚುವ ಹೊತ್ತು. ಓಲ್ಗಾ ಕಾರ್ಮೋನಾ 29ನೇ ನಿಮಿಷದಲ್ಲಿ ಹೊಡೆದ ಏಕೈಕ ಗೋಲನ್ನು ಅಜ್ಜಿ, ಸೊಸೆ, ಮೊಮ್ಮಗಳು ಒಂದೇ ಪರದೆಯಲ್ಲಿ ನೋಡಬಹುದಿತ್ತು. ಕೊರತೆಯೆಂದರೆ ಕನ್ನಡದ ಕಾಮೆಂಟರಿ.

ಆ್ಯಪ್‌ನ ಲೆಕ್ಕ ಬೇರೆ. ವರ್ಷದ ಚಂದಾ ಬೇಡ, ಈ ಟೂರ್ನಿಗಷ್ಟೇ ಪಾಸ್ ಕೊಳ್ಳಿ ಎಂಬುದು ನ್ಯಾಯವಾದ ಏರ್ಪಾಡೇ. ಆದರೆ ಅದು ಸ್ವಂತ ಫೋನು, ಸ್ವಂತ ಯುಪಿಐ, ಉಳಿದ ಡೇಟಾ ಇರುವವರಿಗಾಗಿ ಮಾಡಿದ ಏರ್ಪಾಡು. ಈ ಆಟವನ್ನು ಯಾರಾದರೂ ನೋಡಲೇಬೇಕು ಎಂದಿದ್ದರೆ ಅದು ಹೈಸ್ಕೂಲಿನ ಮೈದಾನದಲ್ಲಿ ಚೆಂಡು ಒದೆಯುವ ಹುಡುಗಿ. ಅವಳ ಕೈಯಲ್ಲಿರುವುದು, ಅದೂ ರಾತ್ರಿ ಒಂಬತ್ತೂವರೆಗೆ, ಅಪ್ಪನದೋ ಅಣ್ಣನದೋ ಫೋನು. 2025ರ ಯೂರೋ ಫೈನಲ್ ಶುರುವಾದದ್ದು ಆ ಹೊತ್ತಿಗೇ. ಹೆಚ್ಚುವರಿ ಸಮಯ ಮುಗಿದು, ಇಂಗ್ಲೆಂಡ್ ಪೆನಾಲ್ಟಿಯಲ್ಲಿ 3–1ರಿಂದ ಗೆಲ್ಲುವಷ್ಟರಲ್ಲಿ ಇಲ್ಲಿ ನಡುರಾತ್ರಿ. ಅಲ್ಲಿಯವರೆಗೆ ಆ ಫೋನು ಅವಳ ಬಳಿಯೇ ಇರುತ್ತದೆಂದು ಯಾರು ಹೇಳುತ್ತಾರೆ?

ಹಾಗಾದರೆ ಶಾಲೆಯಲ್ಲೇ ತೋರಿಸಬಾರದೇ? 1957ರ ಕೃತಿಸ್ವಾಮ್ಯ ಕಾಯ್ದೆಯ 37ನೇ ಸೆಕ್ಷನ್ ಅನುಮತಿಯಿಲ್ಲದೆ ಹಣ ಪಡೆದು ಸಾರ್ವಜನಿಕರಿಗೆ ಪ್ರಸಾರ ತೋರಿಸುವುದನ್ನು ಉಲ್ಲಂಘನೆ ಎನ್ನುತ್ತದೆ. ಟಿಕೆಟ್ಟಿಲ್ಲದೆ ಹಾಲ್‌ನಲ್ಲಿ ಟೀವಿ ಹಚ್ಚಿದರೆ ಆ ಮಾತು ತಟ್ಟದು. ಆ್ಯಪ್‌ಗಳಾದರೋ ಸಾಮಾನ್ಯವಾಗಿ ಖಾಸಗಿ ಬಳಕೆಗೆ ಮಾತ್ರ ಎಂಬ ಷರತ್ತು ಹಾಕಿರುತ್ತವೆ. ಹೀಗಾಗಿ ಮೇಷ್ಟ್ರಿಗೆ ತಲೆನೋವಿಲ್ಲದ ದಾರಿ ಮತ್ತೆ ಫ್ರೀ ಡಿಶ್ಶೇ.

ವಿಪಿಎನ್ ಹಾಕಿ ಬ್ರಿಟನ್ನಿನ ಉಚಿತ ಪ್ರಸಾರ ನೋಡಿ ಎಂದು ಬೆಂಗಳೂರಿನ ಐಟಿ ಹುಡುಗರು ಸಲಹೆ ಕೊಡುತ್ತಾರೆ. ಹಕ್ಕು ಮಾರಾಟವಾಗುವುದು ದೇಶದ ಲೆಕ್ಕದಲ್ಲಿ. ಆ ಉಪಾಯ ಅಲ್ಲಿನ ಷರತ್ತನ್ನು ಮುರಿಯುತ್ತದೆ. ಕಳ್ಳ ಲಿಂಕಿನ ವಿಷಯದಲ್ಲಿ ನನಗೆ ನೀತಿಗಿಂತ ಲೆಕ್ಕವೇ ಮುಖ್ಯ. 2023ರಲ್ಲಿ ಯುರೋಪಿನ ದೊಡ್ಡ ದೇಶಗಳ ಪ್ರಸಾರಕರು ತೀರಾ ಕಡಿಮೆ ಬೆಲೆ ಕೂಗಿದರೆಂದು ಫಿಫಾ ಅಧ್ಯಕ್ಷ ಇನ್‌ಫಾಂಟಿನೊ ವಿಶ್ವಕಪ್ ಪ್ರಸಾರವನ್ನೇ ತಡೆಯುವುದಾಗಿ ಬೆದರಿಸಿದ್ದರು. ಒಪ್ಪಂದವಾದದ್ದು ಜೂನ್‌ನಲ್ಲಿ, ಟೂರ್ನಿಗೆ ತಿಂಗಳಷ್ಟೇ ಇದ್ದಾಗ. ಹಕ್ಕಿನ ಬೆಲೆ ಕಟ್ಟುವಾಗ ಎಣಿಕೆಗೆ ಬರುವುದು ನೇರ ದಾರಿಯಲ್ಲಿ ಬಂದ ಕಣ್ಣುಗಳು ಮಾತ್ರ. ಕ್ರಿಕೆಟ್ಟಿಗೆ ನೂರು ಕಣ್ಣು ತಪ್ಪಿದರೆ ನಷ್ಟವಿಲ್ಲ. ಇಲ್ಲಿ ಇರುವುದೇ ಕೆಲವು.

ಮುಂದಿನ ವಿಶ್ವಕಪ್ 2027ರ ಜೂನ್ 24ರಿಂದ ಜುಲೈ 25ರವರೆಗೆ ಬ್ರೆಜಿಲ್‌ನಲ್ಲಿ. ಅಮೆರಿಕದ ಹಕ್ಕನ್ನು ನೆಟ್‌ಫ್ಲಿಕ್ಸ್ ಕೊಂಡಿದೆ. ಇಲ್ಲಿನ ನೆಟ್‌ಫ್ಲಿಕ್ಸ್ ಚಂದಾದಾರರು ಅದನ್ನು ನೆಚ್ಚಿ ಕೂರಬಾರದು. ರಿಯೊದ ಗಡಿಯಾರ ನಮಗಿಂತ ಎಂಟೂವರೆ ಗಂಟೆ ಹಿಂದೆ. ಅಲ್ಲಿ ಸಂಜೆ ನಾಲ್ಕಕ್ಕೆ ಆಟ ಶುರುವಾದರೆ ಇಲ್ಲಿ ರಾತ್ರಿ ಹನ್ನೆರಡೂವರೆ. ಆಗ ನೇರಪ್ರಸಾರಕ್ಕಿಂತ ಮರುಪ್ರಸಾರದ ವೇಳೆಯೇ ಮುಖ್ಯವಾಗುತ್ತದೆ. ಡಿಡಿ ಸ್ಪೋರ್ಟ್ಸ್ ಹಕ್ಕು ಪಡೆದು, ಶಾಲೆ ಬಿಟ್ಟ ಮೇಲೆ ಐದು ಗಂಟೆಗೆ ಪಂದ್ಯವನ್ನು ಇಡಿಯಾಗಿ ಇನ್ನೊಮ್ಮೆ ಹಾಕಲಿ. ಅದು ಎಷ್ಟು ಗಂಟೆಗೆ, ಯಾವ ಚಾನೆಲ್ಲಿನಲ್ಲಿ ಎಂಬುದನ್ನು ಭದ್ರಾವತಿ ಆಕಾಶವಾಣಿ ಬೆಳಗ್ಗೆಯೇ ಕನ್ನಡದಲ್ಲಿ ಹೇಳಿಬಿಡಲಿ.