ಕಾದಂಬರಿಯ ಗಡಿಯಾರ: ಹೊಸ ಓದುಗರಿಗೊಂದು ಕೈಪಿಡಿ

ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ 1965ರಲ್ಲಿ ಪ್ರಕಟವಾಯಿತು, 1970ರಲ್ಲಿ ಸಿನಿಮಾ ಆಯಿತು. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸತ್ತ, ಹೆಣ ಸುಡಬೇಕಾದವರು ಯಾರು ಎಂದು ತೀರ್ಮಾನವಾಗಲಿಲ್ಲ ಎಂಬಷ್ಟನ್ನು ಪುಸ್ತಕ ಮುಟ್ಟದವರೂ ಹೇಳಬಲ್ಲರು. ಆದರೂ ಜನ ಅದನ್ನು ಕೊಂಡು ಓದುತ್ತಾರೆ. ಓದಿದವರು ಕೆಲವು ವರ್ಷ ಬಿಟ್ಟು ಮತ್ತೆ ಕೈಗೆತ್ತಿಕೊಳ್ಳುತ್ತಾರೆ. ಕಥೆ ತಿಳಿದರೆ ಸಾಕು ಎನ್ನುವುದಾಗಿದ್ದರೆ ಯಾರಿಗೂ ಇಷ್ಟು ತಾಪತ್ರಯ ಬೇಕಿರಲಿಲ್ಲ. ಗೆಳೆಯರೊಬ್ಬರು ಐದು ನಿಮಿಷದಲ್ಲಿ ಹೇಳಿ ಮುಗಿಸುತ್ತಿದ್ದರು.

ಆ ಐದು ನಿಮಿಷಕ್ಕೂ ಪುಸ್ತಕ ಬೇಡುವ ಐದಾರು ಗಂಟೆಗೂ ನಡುವೆ ಏನಿದೆಯೋ ಅದೇ ಕಾದಂಬರಿಯ ರುಚಿ. ಬೇರೆಯವರ ಬದುಕಿನೊಳಗೆ, ಲೇಖಕ ಗೊತ್ತುಮಾಡಿದ ವೇಗದಲ್ಲಿ ನಾವು ಕಾಲ ಕಳೆಯುತ್ತೇವೆ. ಪ್ರತಿ ಕಾದಂಬರಿಗೂ ತನ್ನದೇ ಗಡಿಯಾರವಿದೆ. ಅದರ ನಡೆ ಕಿವಿಗೆ ಬಿದ್ದ ದಿನ ಓದು ಹಿಡಿಸುತ್ತದೆ. ‘ನನಗೆ ಕಾದಂಬರಿ ಓದೋಕಾಗಲ್ಲ’ ಎನ್ನುವವರಲ್ಲಿ ಹೆಚ್ಚಿನವರು ಒಂದರ ಗಡಿಯಾರ ನೋಡಿಕೊಂಡು ಇನ್ನೊಂದನ್ನು ಓದಲು ಹೊರಟವರು.

ಯಾವುದರಿಂದ ಶುರು?

ದೊಡ್ಡ ಹೆಸರು, ದೊಡ್ಡ ಗಾತ್ರ ಎರಡಕ್ಕೂ ಮೊದಲೇ ಕೈಹಾಕಬೇಡಿ. ಪೂರ್ಣಚಂದ್ರ ತೇಜಸ್ವಿಯವರ ‘ಕರ್ವಾಲೊ’ (1980) ಒಳ್ಳೆಯ ಬಾಗಿಲು. ಮೂಡಿಗೆರೆಯ ಕಡೆಯ ಒಬ್ಬ ಕೃಷಿಕ, ಕರ್ವಾಲೊ ಎಂಬ ವಿಜ್ಞಾನಿ, ಯಾವ ಕೆಲಸಕ್ಕೂ ಬಾರದವನೆಂದು ಊರು ತಿಳಿದಿರುವ ಮಂದಣ್ಣ, ಕಿವಿ ಎಂಬ ನಾಯಿ, ಕಾಡಿನಲ್ಲೆಲ್ಲೋ ಇರುವ ಹಾರುವ ಓತಿ. ಪುಟಗಳು ತಾವಾಗಿಯೇ ಮಗುಚಿಕೊಳ್ಳುತ್ತವೆ, ನಗು ಧಾರಾಳವಾಗಿದೆ. ಓತಿ ಸಿಕ್ಕಿತೋ ಇಲ್ಲವೋ ಎಂಬ ಕುತೂಹಲದ ಜೊತೆಗೆ ಇನ್ನೊಂದನ್ನೂ ಗಮನಿಸಿ: ಮಂದಣ್ಣನ ಬಗ್ಗೆ ನಿಮಗಿದ್ದ ಅಭಿಪ್ರಾಯ ಯಾವ ಪುಟದಲ್ಲಿ ಬದಲಾಯಿತು? ‘ಇಂಥ ಪುಟ’ ಎಂದು ಬೆರಳಿಟ್ಟು ತೋರಿಸಲು ಆಗುವುದಿಲ್ಲ. ಅಷ್ಟು ಮೆಲ್ಲಗೆ ನಿಮ್ಮ ಮನಸ್ಸು ತಿರುಗಿರುತ್ತದೆ. ಕಾದಂಬರಿಯ ಕಸುಬಿನ ಮೊದಲ ಪಾಠ ಇದು.

ತ್ರಿವೇಣಿ, ಎಂ. ಕೆ. ಇಂದಿರಾ ಇವರಿಂದ ಶುರುಮಾಡುವುದಕ್ಕೂ ಸಂಕೋಚ ಬೇಡ. ತ್ರಿವೇಣಿಯವರ ‘ಶರಪಂಜರ’ವನ್ನು ಪುಟ್ಟಣ್ಣ ಕಣಗಾಲರ ಸಿನಿಮಾದಲ್ಲಿ ನೋಡಿದವರು ಪುಸ್ತಕವನ್ನು ಪಕ್ಕದಲ್ಲಿಟ್ಟುಕೊಳ್ಳಲಿ. ಮನೋರೋಗ ವಾಸಿಯಾಗಿ ಮನೆಗೆ ಮರಳಿದ ಕಾವೇರಿಯನ್ನು ಎಲ್ಲರೂ ಅನುಮಾನದಿಂದಲೇ ನೋಡುತ್ತಾರೆ. ತೆರೆಯ ಮೇಲೆ ಆ ನೋಟಗಳು ಕಾಣುತ್ತವೆ. ಅವನ್ನು ಸಹಿಸುವ ಮನಸ್ಸಿನ ಒಳಗೆ ಕೂರಿಸುವುದು ಪುಸ್ತಕ.

ಹೇಳುತ್ತಿರುವವರು ಯಾರು?

ಮೊದಲ ಹತ್ತು ಪುಟಗಳಲ್ಲಿ ಈ ಪ್ರಶ್ನೆ ಕೇಳಿಕೊಳ್ಳಿ. ‘ಕರ್ವಾಲೊ’ದಲ್ಲಿ ಕಥೆ ಹೇಳುವಾತ ತನ್ನ ಅಜ್ಞಾನವನ್ನೂ ಸೋಮಾರಿತನವನ್ನೂ ಮುಚ್ಚಿಡುವುದಿಲ್ಲ, ಹಾಗಾಗಿ ಅವನ ಮಾತು ನಂಬುತ್ತೇವೆ. ವಿವೇಕ ಶಾನಭಾಗರ ‘ಘಾಚರ್ ಘೋಚರ್’ ತೆಗೆದುಕೊಳ್ಳಿ. ಅಲ್ಲಿಯೂ ‘ನಾನು’ ಎಂದೇ ಕಥೆ ನಡೆಯುತ್ತದೆ. ಬೆಂಗಳೂರಿನ ಕಾಫಿ ಹೌಸಿನಲ್ಲಿ ಕೂತು ತನ್ನ ಮನೆಯ ಸಂಗತಿ ಹೇಳುವ ಆತನಿಗೆ ಹೆಸರಿಲ್ಲ. ಇರುವೆಗಳ ಕಾಟದ ಚಿಕ್ಕ ಮನೆ, ಚಿಕ್ಕಪ್ಪನ ಮಸಾಲೆ ವ್ಯಾಪಾರ, ಕೈಗೆ ಬಂದ ದುಡ್ಡು, ಎಲ್ಲವನ್ನೂ ಸಾವಧಾನವಾಗಿ ವಿವರಿಸುತ್ತಾನೆ. ಅರ್ಧ ದಾಟುವಷ್ಟರಲ್ಲಿ ನಿಮಗೆ ಅಳುಕು ಶುರುವಾಗುತ್ತದೆ: ಇಷ್ಟೆಲ್ಲ ಹೇಳುವವನು ಒಂದು ವಿಷಯದ ಹತ್ತಿರ ಬಂದಾಗಲೆಲ್ಲ ಮಾತು ಮರೆಸುತ್ತಾನಲ್ಲ? ಅವನು ಬಿಟ್ಟ ಜಾಗವನ್ನು ತುಂಬಿಕೊಳ್ಳುವ ಕೆಲಸ ಓದುಗರದು. ಬೇರೆಯವರು ಹೇಳಿದ ಸಾರಾಂಶದಲ್ಲಿ ಈ ಕೆಲಸ ಸಿಕ್ಕುವುದಿಲ್ಲ; ಮೋಜೂ ಸಿಕ್ಕುವುದಿಲ್ಲ.

ಗಡಿಯಾರ ಹೇಗೆ ಓಡುತ್ತಿದೆ?

‘ಸಂಸ್ಕಾರ’ದ ಮೊದಲ ಭಾಗದಲ್ಲಿ ಕಾಲ ನಿಂತುಬಿಡುತ್ತದೆ. ಹೆಣವಿರುವ ತನಕ ಅಗ್ರಹಾರದಲ್ಲಿ ಯಾರೂ ಉಣ್ಣುವಂತಿಲ್ಲ. ಧರ್ಮಶಾಸ್ತ್ರದ ಪ್ರಶ್ನೆ ಹೊಟ್ಟೆಯ ಹಸಿವಾಗಿ, ಕೊಳೆಯುವ ವಾಸನೆಯಾಗಿ, ಬಿದ್ದು ಸಾಯುವ ಇಲಿಗಳಾಗಿ ಗಂಟೆಗಂಟೆಗೂ ಭಾರವಾಗುತ್ತದೆ. ಕೊನೆಯ ಭಾಗದಲ್ಲಿ, ಹೆಣದ ಬಗ್ಗೆ ತೀರ್ಪು ಹೇಳಬೇಕಿದ್ದ ಪ್ರಾಣೇಶಾಚಾರ್ಯರು ಊರು ಬಿಟ್ಟು ನಡೆಯತೊಡಗಿದಾಗ ದಾರಿಯಲ್ಲಿ ಅಂಟಿಕೊಂಡ ಪುಟ್ಟ ಎಂಬವನು ಬಾಯಿ ಮುಚ್ಚುವುದೇ ಇಲ್ಲ. ಜಾತ್ರೆ, ಅಂಗಡಿ, ಕೋಳಿ ಅಂಕ ಒಂದರ ಮೇಲೊಂದು ಬರುತ್ತವೆ. ಪುಟ್ಟನ ಹರಟೆ ಯಾಕಿಷ್ಟು ಎಂದು ಬೇಸರಪಟ್ಟು ಪುಟ ಹಾರಿಸಬೇಡಿ. ಅಲ್ಲಿಯವರೆಗೆ ಉಸಿರು ಕಟ್ಟಿಸಿದ್ದ ಲೋಕ ಒಮ್ಮೆಲೇ ತೆರೆದುಕೊಂಡಾಗ ಆಚಾರ್ಯರಿಗಾಗುವ ದಿಗಿಲು ನಿಮಗೂ ಆಗಬೇಕೆಂದೇ ಅದು ಅಷ್ಟಿದೆ.

ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ಯಲ್ಲಿ ಕಾಲ ಬೇರೆ ಥರ. ಕರಾವಳಿಯ ಕೋಡಿಯ ಒಂದು ಮನೆ, ಮೂರು ತಲೆಮಾರು. ಐತಾಳರ ಮನೆಯ ಪಾರೋತಿ, ಸರಸೋತಿಯರು ಗದ್ದೆಯಲ್ಲಿ, ಹಟ್ಟಿಯಲ್ಲಿ, ಒಲೆಯ ಮುಂದೆ ಮಾಡುವ ಕೆಲಸವನ್ನು ಕಾರಂತರು ಅವಸರವಿಲ್ಲದೆ ಬರೆಯುತ್ತಾರೆ. ‘ಏನೂ ಆಗ್ತಾ ಇಲ್ಲವಲ್ಲ’ ಎನ್ನಿಸುತ್ತದೆ. ಮುನ್ನೂರು ಪುಟದ ಆಚೆ ಮೊಮ್ಮಗ ಅದೇ ನೆಲದ ಮೇಲೆ ನಿಂತಾಗ ಆ ದುಡಿಮೆಯೆಲ್ಲ ನಿಮ್ಮ ಸ್ವಂತ ನೆನಪಾಗಿರುತ್ತದೆ. ಆ ನೆನಪನ್ನು ಕಟ್ಟಲಿಕ್ಕೆ ಮುನ್ನೂರು ಪುಟ ಬೇಕೇ ಬೇಕು. ಉದ್ದವೇ ಇಲ್ಲಿ ಅರ್ಥ.

ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಇನ್ನೂ ನಿಧಾನ, ಆದರೆ ಅದು ಕಳೆಯುವುದು ತಲೆಮಾರುಗಳನ್ನಲ್ಲ. ಒಂದೇ ಮಲೆನಾಡಿನಲ್ಲಿ ಅಕ್ಕಪಕ್ಕ ಹಲವು ಬದುಕುಗಳು ಏಕಕಾಲಕ್ಕೆ ನಡೆಯುತ್ತವೆ. ನಾಯಕನನ್ನು ಹುಡುಕಬೇಡಿ, ಇಲ್ಲ. ಜೀತದಾಳು ಗುತ್ತಿಯ ನಾಯಿ ಹುಲಿಯನಿಗೂ ಗೌಡರ ಮನೆಯ ಯಜಮಾನರಿಗೂ ಒಂದೇ ಗಮನ ಸಲ್ಲುತ್ತದೆ. ಹೆಸರುಗಳ ಗೊಂದಲಕ್ಕೆ ಸುಲಭ ಮದ್ದುಂಟು: ಕೊನೆಯ ಖಾಲಿ ಪುಟದಲ್ಲಿ ಸಿಂಬಾವಿ, ಹೂವಳ್ಳಿ, ಕೋಣೂರು, ಬೆಟ್ಟಳ್ಳಿ, ಹಳೆಮನೆ ಎಂದು ಊರುಗಳನ್ನು ಬರೆದು, ಆಯಾ ಊರಿನವರನ್ನು ಅದರ ಕೆಳಗೆ ಸೇರಿಸುತ್ತಾ ಹೋಗಿ. ನೂರು ಪುಟವಾಗುವಷ್ಟರಲ್ಲಿ ಪಟ್ಟಿ ಬೇಡವಾಗುತ್ತದೆ, ದಾರಿ ನಿಮಗೇ ಗೊತ್ತಿರುತ್ತದೆ.

ಆಡುಮಾತು ಅಡ್ಡಿಯಾದರೆ

ದೇವನೂರ ಮಹಾದೇವರ ‘ಕುಸುಮಬಾಲೆ’ (1984) ತೆಳ್ಳಗಿನ ಪುಸ್ತಕ. ಆದರೂ ಎರಡನೇ ಪುಟಕ್ಕೇ ಕೈಬಿಟ್ಟವರು ಬಹಳ. ನಂಜನಗೂಡು ಸೀಮೆಯ ಮಾತಿನಲ್ಲಿ ಬರೆದದ್ದು. ಮಂಚ ಕಥೆ ಹೇಳುತ್ತದೆ, ಊರಿನ ದೀಪಗಳ ಆತ್ಮಗಳಾದ ಜೋತಮ್ಮಗಳು ರಾತ್ರಿ ಸೇರಿ ಮಾತಾಡುತ್ತವೆ. ಧಾರವಾಡದವರಿಗೋ ಮಂಗಳೂರಿನವರಿಗೋ ಇದು ಮೊದಲಿಗೆ ಕಗ್ಗಂಟು. ಕಣ್ಣಿಂದ ಓದುವುದನ್ನು ಬಿಟ್ಟು ಬಾಯಿಬಿಟ್ಟು ಓದಿ. ಅಕ್ಷರದಲ್ಲಿ ಗುರುತು ಸಿಗದ ಪದ ನಾಲಗೆಯ ಮೇಲೆ ಸಿಗುತ್ತದೆ. ಒಂದೆರಡು ಪದ ತಪ್ಪಿದರೆ ತಪ್ಪಲಿ, ನಿಘಂಟಿಗೆ ಓಡಬೇಡಿ. ವಾಕ್ಯದ ಲಯವೇ ಅರ್ಧ ಅರ್ಥ ಹೇಳಿಬಿಡುತ್ತದೆ. ಮೈಸೂರು ಕಡೆಯವರು ಶಂಕರ ಮೊಕಾಶಿ ಪುಣೇಕರರ ‘ಗಂಗವ್ವ ಗಂಗಾಮಾಯಿ’ (1956) ಓದುವಾಗ ಇದೇ ಉಪಾಯ ಮಾಡಲಿ. ಅಲ್ಲಿ ಧಾರವಾಡದ ಮಾತಿನ ಬಿರುಸೂ ಪ್ರೀತಿಯೂ ಕೂಡಿವೆ. ಎಸ್. ಎಲ್. ಭೈರಪ್ಪನವರ ‘ಗೃಹಭಂಗ’ದ (1970) ಗಂಗಮ್ಮನ ಬೈಗುಳವನ್ನಂತೂ ಗಟ್ಟಿಯಾಗಿಯೇ ಓದಬೇಕು, ಮನೆಯಲ್ಲಿ ಮಕ್ಕಳಿಲ್ಲದ ಹೊತ್ತು ನೋಡಿಕೊಂಡು. ಅವಳ ಸ್ವಭಾವ ಹೇಗೆಂದು ಲೇಖಕರು ಬೇರೆ ವಿವರಿಸಬೇಕಾಗಿಲ್ಲ ಎಂಬುದು ಆಗ ತಿಳಿಯುತ್ತದೆ.

ಕೆಲವು ರೂಢಿಗಳು

ಮುನ್ನುಡಿಯನ್ನು ಕೊನೆಗೆ ಓದಿ. ದೊಡ್ಡ ವಿಮರ್ಶಕರು ಬರೆದ ಮುನ್ನುಡಿಗಳು ಕಥೆಯ ಗುಟ್ಟನ್ನೂ ಅದರ ಅರ್ಥವನ್ನೂ ಮೊದಲೇ ಕೈಗಿಟ್ಟುಬಿಡುತ್ತವೆ; ಆಮೇಲೆ ನಿಮ್ಮ ಅಭಿಪ್ರಾಯ ನಿಮ್ಮದಾಗಿ ಉಳಿಯುವುದು ಕಷ್ಟ.

ಒಂದೇ ಸಲಕ್ಕೆ ಐವತ್ತು ಪುಟ ಸಾಗಲಿ, ಬಸ್ಸಿನಲ್ಲಿ ಎರಡೆರಡು ಪುಟ ಬೇಡ. ಕಡೇಪಕ್ಷ ಶುರುವಿನಲ್ಲಾದರೂ ಅಷ್ಟು ಬಿಡುವು ಕೊಡಿ. ಗಡಿಯಾರದ ನಡೆ ಹಿಡಿಯಲು ಅಷ್ಟು ಬೇಕು. ಹಿಡಿದ ಮೇಲೆ ಬಸ್ಸಿನಲ್ಲೂ ಓದಬಹುದು.

ಐವತ್ತು ಪುಟವಾದರೂ ಒಳಗೆ ಹೋಗಲಾಗದಿದ್ದರೆ ಪುಸ್ತಕ ಮುಚ್ಚಿಡಿ. ಅದು ನಿಮ್ಮ ಸೋಲೂ ಅಲ್ಲ, ಕಾದಂಬರಿಯ ಸೋಲೂ ಅಲ್ಲ. ಇಪ್ಪತ್ತರಲ್ಲಿ ನೀರಸವೆನಿಸಿದ ಕಾರಂತರು ನಲವತ್ತರಲ್ಲಿ ಹಿಡಿದು ಕೂರಿಸಿದ್ದುಂಟು.

ಓದಿ ಮುಗಿದ ಕೂಡಲೆ ಮೊದಲ ಅಧ್ಯಾಯಕ್ಕೆ ಮರಳಿ. ಹದಿನೈದು ನಿಮಿಷದ ಕೆಲಸ. ‘ಘಾಚರ್ ಘೋಚರ್’ನ ಕಾಫಿ ಹೌಸಿನ ಪುಟಗಳು ಎರಡನೇ ಸಲಕ್ಕೆ ಬೇರೆಯೇ ಮಾತಾಡುತ್ತವೆ. ಮೊದಲ ಸಲ ಅಲಂಕಾರದಂತೆ ಕಂಡ ಸಾಲು ಈಗ ಎಚ್ಚರಿಕೆಯಾಗಿ ಕಾಣುತ್ತದೆ. ಲೇಖಕರು ಎಲ್ಲಿ ಏನನ್ನು ಹೂತಿಟ್ಟಿದ್ದರೆಂದು ಗೊತ್ತಾಗುವುದು ಇಲ್ಲಿಯೇ.

ಕೊನೆಯದಾಗಿ, ಅದೇ ಪುಸ್ತಕ ಓದಿದ ಇನ್ನೊಬ್ಬರನ್ನು ಹುಡುಕಿ ಜಗಳವಾಡಿ. ‘ಸಂಸ್ಕಾರ’ದ ಪ್ರಾಣೇಶಾಚಾರ್ಯರು ಅಗ್ರಹಾರಕ್ಕೆ ಮರಳಿ, ತಾವು ಮುಚ್ಚಿಟ್ಟಿದ್ದೆಲ್ಲವನ್ನೂ ಹೇಳಿಬಿಡುತ್ತಾರೋ ಇಲ್ಲವೋ? ಪುಸ್ತಕ ಉತ್ತರ ಕೊಡದೆ ನಿಲ್ಲುತ್ತದೆ. ನೀವು ‘ಹೇಳುತ್ತಾರೆ’ ಎಂದರೆ ಎದುರಿನವರು ‘ಸಾಧ್ಯವೇ ಇಲ್ಲ’ ಎನ್ನುತ್ತಾರೆ. ಇಬ್ಬರೂ ಅದೇ ಪುಟಗಳಿಂದಲೇ ಸಾಕ್ಷಿ ತೆಗೆಯುತ್ತೀರಿ. ಯಾರೋ ಕಲ್ಪಿಸಿದ ಮನುಷ್ಯ ನಾಳೆ ಏನು ಮಾಡಿಯಾನು ಎಂದು ಇಬ್ಬರು ಇಷ್ಟು ತಲೆಕೆಡಿಸಿಕೊಂಡರೆಂದರೆ, ನೀವು ಕಾದಂಬರಿಯ ರಸಿಕರಾದಿರೆಂದೇ ಲೆಕ್ಕ. ಮುಂದಿನ ಪುಸ್ತಕ ಯಾವುದೆಂದು ನೀವೇ ಆರಿಸಿಕೊಳ್ಳುತ್ತೀರಿ, ಕೈಪಿಡಿಯ ಅಗತ್ಯವಿಲ್ಲ.