ಆಳುವವನನ್ನು ಇಳಿಸುವವರು ಯಾರು?

ಕ್ರಿ.ಶ. 656ರಲ್ಲಿ ಈಜಿಪ್ಟ್, ಕೂಫಾ, ಬಸ್ರಾಗಳಿಂದ ಬಂದ ಅತೃಪ್ತರು ಮದೀನಾದಲ್ಲಿ ಮೂರನೆಯ ಖಲೀಫ ಉಸ್ಮಾನರ ಮನೆಗೆ ಮುತ್ತಿಗೆ ಹಾಕಿದರು. ಪ್ರಾಂತಗಳ ಅಧಿಕಾರವೆಲ್ಲ ಖಲೀಫರ ಬಂಧುಗಳ ಪಾಲಾಗಿದೆ ಎಂಬುದು ಅವರ ದೂರು. ಪದವಿ ಬಿಟ್ಟಿಳಿಯಿರಿ ಎಂದು ಒತ್ತಾಯಿಸಿದಾಗ, ದೇವರು ತೊಡಿಸಿದ ಅಂಗಿಯನ್ನು ತಾನು ಕಳಚುವುದಿಲ್ಲವೆಂದು ಉಸ್ಮಾನ್ ಉತ್ತರಿಸಿದರೆಂದು ಅರಬ್ ಚರಿತ್ರೆಕಾರರು ಬರೆದಿದ್ದಾರೆ. ವಾರಗಟ್ಟಲೆ ನಡೆದ ಮುತ್ತಿಗೆ ಅವರ ಕೊಲೆಯಲ್ಲಿ ಮುಗಿಯಿತು. ದೂರು ನಿಜವೋ ಸುಳ್ಳೋ ಎಂದು ವಿಚಾರಿಸಿ, ಖಲೀಫರು ಇಳಿಯಬೇಕೋ ಉಳಿಯಬೇಕೋ ಎಂದು ತೀರ್ಪು ಕೊಡಬಲ್ಲ ಸಭೆಯೊಂದು ಅಂದು ಇರಲಿಲ್ಲ. ಇಸ್ಲಾಮೀ ರಾಜ್ಯಾದರ್ಶವನ್ನು ಬೇರೆ ವ್ಯವಸ್ಥೆಗಳ ಜತೆ ಇಟ್ಟು ನೋಡಲು ಇದಕ್ಕಿಂತ ಸರಿಯಾದ ಜಾಗ ನನಗೆ ಕಾಣುವುದಿಲ್ಲ.

ಆ ಆದರ್ಶದ ಹಿರಿಮೆಯನ್ನು ಮೊದಲೇ ಹೇಳಿಬಿಡಬೇಕು. 632ರಲ್ಲಿ ಪ್ರವಾದಿ ಮುಹಮ್ಮದರು ತೀರಿಕೊಂಡಾಗ, ಮುಂದಿನ ನಾಯಕ ಯಾರೆಂಬುದನ್ನು ಸಖೀಫಾ ಎಂಬಲ್ಲಿ ಸೇರಿದವರು ವಾದ ಮಾಡಿ ತೀರ್ಮಾನಿಸಿದರು. ಆ ತೀರ್ಮಾನವನ್ನು ಶಿಯಾ ಪಂಥ ಇಂದಿಗೂ ಒಪ್ಪಿಲ್ಲ, ನಿಜ. ಆದರೂ ಆಯ್ಕೆಯಾದ ಅಬೂಬಕರ್, ಸರಿ ನಡೆದರೆ ನೆರವಾಗಿ, ತಪ್ಪಿದರೆ ತಿದ್ದಿ ಎಂದು ಜನರನ್ನು ಕೇಳಿಕೊಂಡರು. ನೆರೆಯ ಬೈಜಾಂಟಿಯಂ ಮತ್ತು ಪರ್ಷಿಯಾಗಳಲ್ಲಿ ದೊರೆಯ ಎದುರು ಪ್ರಜೆ ಅಡ್ಡಬೀಳುತ್ತಿದ್ದ ಕಾಲ ಅದು. ಸಮಾಲೋಚಿಸಿ ಆಡಳಿತ ನಡೆಸಿರಿ ಎಂಬ ‘ಶೂರಾ’ದ ಬೋಧೆ ಕುರ್‌ಆನಿನಲ್ಲೇ ಇದೆ, ಅದರ 42ನೆಯ ಅಧ್ಯಾಯಕ್ಕೆ ಆ ಹೆಸರೇ ಇದೆ. ಆದರೆ ಯಾರೊಡನೆ ಸಮಾಲೋಚನೆ, ಅವರ ಮಾತಿಗೆ ಆಳುವವನು ಬದ್ಧನೇ ಎಂಬುದನ್ನು ಮುಂದಿನವರಿಗೆ ಬಿಡಲಾಯಿತು. ಅಬೂಬಕರ್ ತಮ್ಮ ನಂತರ ಉಮರರನ್ನು ತಾವೇ ಹೆಸರಿಸಿದರು. ಉಮರ್ ಆರು ಜನರ ಸಮಿತಿಗೆ ಆಯ್ಕೆಯನ್ನು ವಹಿಸಿದರು. ಮೊದಲ ನಾಲ್ವರು ಖಲೀಫರಲ್ಲಿ ಮೂವರು ಕೊಲೆಯಾದರು. ಬಳಿಕ ಬಂದ ಮುಆವಿಯಾ ತನ್ನ ಮಗ ಯಝೀದನಿಗೆ ಪಟ್ಟ ಬಿಟ್ಟುಕೊಟ್ಟ. 680ರಲ್ಲಿ ಪ್ರವಾದಿಯ ಮೊಮ್ಮಗನನ್ನು ಯಝೀದನ ಪಡೆ ಕೊಂದ ಕರ್ಬಲಾದ ರಕ್ತಪಾತ ನಡೆಯಿತು. ಅಲ್ಲಿಂದ ಖಿಲಾಫತ್ ವಂಶದ ಸೊತ್ತು.

ಹಾಗೆಂದು ಆ ದೊರೆಗಳು ಹೇಳಿದ್ದೇ ಕಾನೂನಾಗಲಿಲ್ಲ. ಈ ಪರಂಪರೆಯ ಅತ್ಯಂತ ಗಟ್ಟಿ ಭಾಗ ಇದೇ. 833ರಲ್ಲಿ ಖಲೀಫ ಮಾಮೂನ್, ಕುರ್‌ಆನ್ ಸೃಷ್ಟಿಯಾದದ್ದು ಎಂಬ ತನ್ನ ಮತವನ್ನು ವಿದ್ವಾಂಸರೆಲ್ಲ ಒಪ್ಪಬೇಕೆಂದು ವಿಚಾರಣೆಗಳನ್ನು ಶುರುಮಾಡಿದ. ಅಹ್ಮದ್ ಇಬ್ನ್ ಹಂಬಲ್ ಸೆರೆ ಅನುಭವಿಸಿದರು, ಮುಂದಿನ ಖಲೀಫನ ಕಾಲದಲ್ಲಿ ಛಡಿಯೇಟು ತಿಂದರು, ಬಾಗಲಿಲ್ಲ. ಸುಮಾರು ಹದಿನೈದು ವರ್ಷಗಳ ನಂತರ ಆ ನೀತಿಯನ್ನು ಅರಮನೆಯೇ ಕೈಬಿಟ್ಟಿತು. ಧರ್ಮ ಯಾವುದು, ನ್ಯಾಯ ಯಾವುದು ಎಂದು ಹೇಳುವ ಅಧಿಕಾರ ಉಲಮಾಗಳಲ್ಲಿ, ಅಂದರೆ ಧರ್ಮವಿದ್ವಾಂಸರಲ್ಲಿ, ಉಳಿಯಿತು. ಶರೀಅತ್ ಬೆಳೆದದ್ದು ಆಸ್ಥಾನದಲ್ಲಲ್ಲ, ಗುರುಶಿಷ್ಯರ ಪಾಠಕೂಟಗಳಲ್ಲಿ. ಕಾನೂನು ದೊರೆಗಿಂತ ಮೇಲು ಎಂಬ ಮಾತು ಇಂಗ್ಲೆಂಡಿನಲ್ಲೂ ಇತ್ತು. ಆದರೆ ಅಲ್ಲಿ ತೆರಿಗೆಗೆ ಒಪ್ಪಿಗೆ ಕೊಡುವ ಸಂಸತ್ತು ಇತ್ತು. 1689ರ ಹಕ್ಕುಗಳ ಮಸೂದೆಗೆ ಬಲ ಬಂದದ್ದು ಅದರಿಂದ. ಉಲಮಾಗಳ ಕೈಯಲ್ಲಿ ಬೊಕ್ಕಸವೂ ಇರಲಿಲ್ಲ, ದಂಡೂ ಇರಲಿಲ್ಲ. ಇದ್ದದ್ದು ನೈತಿಕ ಬಲ ಮಾತ್ರ.

ಇದರ ಪರಿಣಾಮವನ್ನು ಮಾವರ್ದಿಯ ‘ಅಲ್ ಅಹ್ಕಾಮ್ ಅಲ್ ಸುಲ್ತಾನಿಯ್ಯಾ’ದಲ್ಲಿ ಕಾಣಬಹುದು. 1058ರಲ್ಲಿ ತೀರಿಕೊಂಡ ಈ ಖಾಝಿ, ಬಗ್ದಾದಿನ ಖಲೀಫ ಬುವೈಹಿ ಸೇನಾನಿಗಳ ಹಿಡಿತದಲ್ಲಿದ್ದುದನ್ನು ಕಣ್ಣಾರೆ ಕಂಡವರು. ಆಳುವವನಿಗೆ ಇರಬೇಕಾದ ಗುಣಗಳನ್ನೂ ಪದವಿಗೆ ಎರವಾಗುವ ಕಾರಣಗಳನ್ನೂ ಎಚ್ಚರದಿಂದ ವಿವರಿಸಿದರು. ಆ ಕಾರಣ ಒದಗಿದೆ ಎಂದು ಸಾರುವವರು ಯಾರು, ಅವನು ಕೇಳದಿದ್ದರೆ ಏನು ಮಾಡಬೇಕು ಎಂಬಲ್ಲಿ ಗ್ರಂಥ ಮೌನವಾಗುತ್ತದೆ. ನಂತರದ ಅನೇಕ ಶಾಸ್ತ್ರಕಾರರು ಅರಾಜಕತೆಗೆ ಹೆದರಿ, ಅನ್ಯಾಯದ ದೊರೆಯನ್ನಾದರೂ ಸಹಿಸಿರಿ ಎಂದರು. ಅಂತರ್ಯುದ್ಧಗಳನ್ನು ಕಂಡವರ ಹೆದರಿಕೆ ನನಗೆ ಅರ್ಥವಾಗುತ್ತದೆ. ಆದರೆ ಆ ಸಹನೆಯ ಬೆಲೆ ತೆತ್ತವರು ಶಾಸ್ತ್ರಕಾರರಲ್ಲ, ರೈತರು, ಕುಶಲಕರ್ಮಿಗಳು.

1924ರ ಮಾರ್ಚ್ 3ರಂದು ತುರ್ಕಿ ಖಿಲಾಫತ್ತನ್ನು ರದ್ದು ಮಾಡಿತು. ಮರುವರ್ಷವೇ ಈಜಿಪ್ಟಿನ ಅಲಿ ಅಬ್ದುಲ್ ರಾಝಿಕ್, ಇಸ್ಲಾಂ ಯಾವುದೇ ಒಂದು ಸರ್ಕಾರದ ಮಾದರಿಯನ್ನು ಕಡ್ಡಾಯ ಮಾಡಿಲ್ಲ ಎಂದು ವಾದಿಸಿ ಪುಸ್ತಕ ಬರೆದರು. ಅಲ್ಲಿನ ಧಾರ್ಮಿಕ ವಿದ್ಯಾಪೀಠ ಅಲ್ ಅಝರ್ ಅವರ ವಿದ್ವತ್ ಪದವಿಯನ್ನು ಕಿತ್ತುಕೊಂಡಿತು. ಔರಂಗಾಬಾದಿನಲ್ಲಿ ಹುಟ್ಟಿದ ಮೌದೂದಿ ಇದಕ್ಕೆ ವಿರುದ್ಧವಾಗಿ, ಪರಮಾಧಿಕಾರ ದೇವರದೊಂದೇ, ಜನ ಅವನ ಪ್ರತಿನಿಧಿಗಳು ಎಂದರು. ಕೇಳಲು ಉದಾತ್ತವಾದ ಮಾತು. ಆದರೆ ದೇವರು ಮತ ಎಣಿಸಲು ಬರುವುದಿಲ್ಲ. ಅವನ ಹೆಸರಿನಲ್ಲಿ ಮಾತಾಡುವವರು ಬರುತ್ತಾರೆ.

ಇರಾನಿನಲ್ಲಿ ಬಂದದ್ದು ಹಾಗೆಯೇ. 1979ರ ಸಂವಿಧಾನದ ಪ್ರಕಾರ ಪರಮೋಚ್ಚ ನಾಯಕನನ್ನು ತಜ್ಞರ ಸಭೆ ತೆಗೆದುಹಾಕಬಹುದು. ಮದೀನಾದಲ್ಲಿ ಇಲ್ಲದಿದ್ದ ಸಭೆ ಕೊನೆಗೂ ಸಿಕ್ಕಿತು ಎನ್ನಿಸುತ್ತದೆ. ಆದರೆ ಆ ಸಭೆಗೆ ಸ್ಪರ್ಧಿಸುವವರನ್ನು ಸೋಸುವುದು 12 ಸದಸ್ಯರ ರಕ್ಷಕ ಮಂಡಳಿ. ಅದರಲ್ಲಿ ಆರು ಮಂದಿಯನ್ನು ನಾಯಕನೇ ನೇಮಿಸುತ್ತಾನೆ. ಉಳಿದ ಆರು ಮಂದಿಯನ್ನು ಸಂಸತ್ತು ಆರಿಸುವುದು ನ್ಯಾಯಾಂಗದ ಮುಖ್ಯಸ್ಥ ಸೂಚಿಸಿದವರಿಂದ, ಆ ಮುಖ್ಯಸ್ಥನೂ ನಾಯಕ ನೇಮಿಸಿದವನೇ. ಇದುವರೆಗೆ ಯಾವ ನಾಯಕನೂ ಆ ಸಭೆಯಿಂದ ಪದಚ್ಯುತನಾಗಿಲ್ಲ.

ಸಮಾನತೆಯ ಪ್ರಶ್ನೆಯಲ್ಲಿ ನನ್ನ ತಕರಾರು ಇನ್ನೂ ಗಟ್ಟಿ. ಪಾಕಿಸ್ತಾನದ 1973ರ ಸಂವಿಧಾನದಡಿ ಮುಸ್ಲಿಮೇತರ ಪ್ರಜೆ ರಾಷ್ಟ್ರಾಧ್ಯಕ್ಷನಾಗಲಾರ. ಎಷ್ಟೇ ರಕ್ಷಣೆ ಕೊಟ್ಟರೂ ಅದು ಸಮಾನ ಪೌರತ್ವವಲ್ಲ. ಇದಕ್ಕೆ ಉತ್ತರ ಪರಂಪರೆಯ ಒಳಗೇ ಇತ್ತು. ಯಹೂದಿಗಳನ್ನೂ ಒಂದೇ ಸಮುದಾಯದೊಳಗೆ ಸೇರಿಸಿಕೊಂಡ ಮದೀನಾ ಒಪ್ಪಂದವನ್ನು ಎತ್ತಿ ಹಿಡಿದು, ದೇವಬಂದಿನ ಹುಸೇನ್ ಅಹ್ಮದ್ ಮದನಿ ಭಾರತದ ಹಿಂದೂ ಮುಸ್ಲಿಮರದು ಒಂದೇ ರಾಷ್ಟ್ರ ಎಂದು ವಾದಿಸಿದರು, ವಿಭಜನೆಯನ್ನು ವಿರೋಧಿಸಿದರು. ಇಂಡೋನೇಷ್ಯಾದ ನಾಯಕರು 1945ರಲ್ಲಿ ಸಂವಿಧಾನದ ಪೀಠಿಕೆಯಿಂದ, ಮುಸ್ಲಿಮರಿಗೆ ಶರೀಅತ್ ಪಾಲನೆಯನ್ನು ವಿಧಿಸುವ ಮಾತನ್ನು ಕೈಬಿಟ್ಟರು. ಈ ಧಾರೆಯನ್ನು ನಾವು ತೀರಾ ಕಡಿಮೆ ಓದಿದ್ದೇವೆ.

ಟ್ಯುನೀಷಿಯಾದ ಎನ್ನಹ್ದಾ ಪಕ್ಷವನ್ನೂ ಇದರ ಜತೆ ನೆನೆಯಬೇಕು. 2011ರ ಚುನಾವಣೆಯಲ್ಲಿ ಮೊದಲ ಸ್ಥಾನ ಪಡೆದ ಈ ಇಸ್ಲಾಮೀ ಪಕ್ಷ, 2014ರ ಆರಂಭದಲ್ಲಿ ಸಂವಿಧಾನವನ್ನು ಅಂಗೀಕರಿಸಿ, ಅಧಿಕಾರವನ್ನು ಪಕ್ಷೇತರ ಸರ್ಕಾರಕ್ಕೆ ಬಿಟ್ಟುಕೊಟ್ಟಿತು. ಆ ವರ್ಷದ ಚುನಾವಣೆಯಲ್ಲಿ ಸೋತಾಗ ಸೋಲನ್ನು ಒಪ್ಪಿಕೊಂಡಿತು. 2021ರಲ್ಲಿ ಅಲ್ಲಿನ ಸಂಸತ್ತನ್ನು ಅಮಾನತಿನಲ್ಲಿಟ್ಟವರು ಧರ್ಮಗುರುಗಳಲ್ಲ, ಸಂವಿಧಾನದ ಕಾನೂನನ್ನೇ ಪಾಠ ಹೇಳಿದ್ದ ಅಧ್ಯಕ್ಷ ಕೈಸ್ ಸಯೀದ್. ಎನ್ನಹ್ದಾದ ಮುಖಂಡ ರಾಶಿದ್ ಗನ್ನೂಶಿ 2023ರಲ್ಲಿ ಜೈಲು ಸೇರಿದರು.