ಕೋಡಿಯ ಮಠದ ಶಾಸನ: ಸ್ಮಾರಕವೂ ಸಾಹಿತ್ಯವೂ

ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವೆಯ ಕೇದಾರೇಶ್ವರ ದೇವಾಲಯವು ಕೇಂದ್ರ ಸರ್ಕಾರದ ರಕ್ಷಣೆಗೆ ಒಳಪಟ್ಟ ಸ್ಮಾರಕ. ನೋಡಬಂದವರು ಅದರ ಮೂರು ಗರ್ಭಗೃಹಗಳನ್ನೂ ಶಿಲ್ಪವನ್ನೂ ಕಂಡು ಮೆಚ್ಚುವರು. ಆದರೆ ಈ ದೇವಾಲಯವನ್ನು ನಡೆಯಿಸುತ್ತಿದ್ದ ಕಾಳಾಮುಖ ಶೈವರ ಕೋಡಿಯ ಮಠವನ್ನು ಕಾಣಬೇಕಾದರೆ ಕಲ್ಲಿನ ಕಟ್ಟಡಕ್ಕಿಂತ ಕಲ್ಲಿನ ಬರಹವನ್ನೇ ಆಶ್ರಯಿಸಬೇಕು. ರೈಸರು 1902ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಪ್ರಕಟಿಸಿದ, ಕಳಚುರಿ ಬಿಜ್ಜಳನ ಕಾಲದ 1162ರ ಶಾಸನವು (ಶಿಕಾರಿಪುರ 102) ಆ ಮಠವನ್ನು ವಿಸ್ತಾರವಾಗಿ ವರ್ಣಿಸುತ್ತದೆ.

ಶಾಸನಗಳ ವರ್ಣನೆಯನ್ನು ಬರಿಯ ಕವಿಸಮಯವೆಂದು ತಳ್ಳಿಹಾಕುವುದುಂಟು. ಊರಿನ ಕೆರೆ, ತೋಟ, ಕೋಗಿಲೆ, ದುಂಬಿಗಳ ವಿಷಯದಲ್ಲಿ ಈ ಮಾತು ಬಹುಮಟ್ಟಿಗೆ ಸಲ್ಲುವುದು, ಇಲ್ಲಿ ಸಲ್ಲದು. ಒಂದೊಂದು ವಾಕ್ಯಖಂಡವೂ ‘ಸ್ಥಾನ’ವೆಂಬ ಪದದಲ್ಲಿ ಮುಗಿಯುತ್ತ, ಮಠದಲ್ಲಿ ನಡೆಯುವ ಒಂದೊಂದು ಕಾರ್ಯವನ್ನು ಹೇಳುತ್ತ ಸಾಗುತ್ತದೆ. ವೇದಾಧ್ಯಯನವಾದ ಮೇಲೆ ಕೌಮಾರ, ಪಾಣಿನೀಯ, ಶಾಕಟಾಯನ ವ್ಯಾಕರಣಗಳ ವ್ಯಾಖ್ಯಾನ. ಅನಂತರ ದರ್ಶನಗಳು, ಲಾಕುಲ ಸಿದ್ಧಾಂತ, ಪುರಾಣ, ಕಾವ್ಯ, ನಾಟಕ. ಶಾಕಟಾಯನವು ಅಮೋಘವರ್ಷನ ಕಾಲದ ಜೈನ ವೈಯಾಕರಣನ ಕೃತಿ. ದರ್ಶನಗಳ ಪಟ್ಟಿಯಲ್ಲಿ ಬೌದ್ಧಕ್ಕೂ ಎಡೆಯುಂಟು. ಶೈವಮಠವನ್ನು ಹೊಗಳುವುದಷ್ಟೇ ಉದ್ದೇಶವಾಗಿದ್ದರೆ ಅನ್ಯಮತದ ಗ್ರಂಥವನ್ನು ಹೆಸರಿಸುವ ಅಗತ್ಯವಿರಲಿಲ್ಲ. ಪಾಠಕ್ರಮವನ್ನು ಬಲ್ಲವನೊಬ್ಬನು ಬರೆದ ಮಾತಿದು.

ವಿದ್ಯೆಯ ಪಟ್ಟಿ ಮುಗಿದ ಕೂಡಲೆ ಬರಹವು ಹಸಿದವರ ಕಡೆಗೆ ತಿರುಗುತ್ತದೆ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು, ಹಾಡುವವರು, ಬಾಜಿಸುವವರು, ಕುಣಿಯುವವರು, ನಾನಾ ಮತದ ಭಿಕ್ಷುಗಳು ಇಲ್ಲಿ ಅನ್ನಕ್ಕೆ ಅಧಿಕಾರಿಗಳು. ಮುಂದೆ ರೋಗಿಗಳಿಗೆ ಔಷಧ. ಕಡೆಯದಾಗಿ ಸಕಲ ಪ್ರಾಣಿಗಳಿಗೂ ಅಭಯ. ಶಾಸ್ತ್ರದಿಂದ ಅನ್ನಕ್ಕೆ, ಅನ್ನದಿಂದ ಅಭಯಕ್ಕೆ ಸಾಗುವ ಈ ಕ್ರಮದಲ್ಲಿಯೇ ಗದ್ಯದ ಸತ್ತ್ವವಿದೆ. ಅಲಂಕಾರ ಹೆಚ್ಚಿಲ್ಲ, ‘ಸ್ಥಾನ’ ಪದದ ಆವೃತ್ತಿಯೇ ಅಲಂಕಾರದ ಕೆಲಸವನ್ನು ಮಾಡಿದೆ.

1958ರ ಪ್ರಾಚೀನ ಸ್ಮಾರಕಗಳ ಕಾಯಿದೆಯು ಕಟ್ಟಡದಂತೆ ಶಾಸನವನ್ನೂ ಸ್ಮಾರಕವೆಂದು ಎಣಿಸುತ್ತದೆ. 2010ರ ತಿದ್ದುಪಡಿಯು ರಕ್ಷಿತ ಸ್ಥಳದ ಸುತ್ತ 100 ಮೀಟರುಗಳವರೆಗೆ ಹೊಸ ಕಟ್ಟಡಗಳನ್ನು ನಿಷೇಧಿಸಿದೆ. ಇವುಗಳಿಂದ ಕಲ್ಲು ಉಳಿಯಬಹುದು. ಆದರೆ ಅಕ್ಷರವಿದ್ದೂ ಓದುವವರಿಲ್ಲದಿದ್ದರೆ ಮಠವು ಎರಡನೆಯ ಸಲ ಹಾಳಾದಂತೆಯೇ ಸರಿ. ಸಾಹಿತ್ಯಚರಿತ್ರೆಯ ತರಗತಿಗಳಲ್ಲಿ ಶಾಸನಗಳು ಬಹುಶಃ ಕಾಲನಿರ್ಣಯಕ್ಕೆ ಮಾತ್ರ ಒದಗುತ್ತಿವೆ. ಹನ್ನೆರಡನೆಯ ಶತಮಾನದ ಗದ್ಯವೆಂದು ಈ ಶಾಸನವನ್ನು ಪಾಠಕ್ಕೆ ಇಡುವುದು ಸಾಹಿತ್ಯಾಧ್ಯಾಪಕರ ಕೈಯಲ್ಲಿದೆ. ಆ ರಕ್ಷಣೆಯನ್ನು ಯಾವ ಕಾಯಿದೆಯೂ ಕೊಡಲಾರದು.